ಮೌಖಿಕ ಪರೀಕ್ಷೆಯ ಕುರ್ಚಿ

ನಾನು ಒಂದು ಸಾಗುವಾನಿ ಕುರ್ಚಿ. ಹುಟ್ಟಿದ್ದು ಜೈಲಿನ ಬಡಗಿಮನೆಯಲ್ಲಿ. ನನ್ನನ್ನು ಮಾಡಿದ ಕೈದಿ ಬೂಟಿನ ಸದ್ದು ಕೇಳಿದಾಗಲೆಲ್ಲ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದ. ನನ್ನ ತೋಳಿಗೆ ಮೊದಲು ತಾಗಿದ್ದು ಅವನ ಹೆದರಿಕೆಯ ಬೆವರು.

ಅಲ್ಲಿಂದ ಲಾರಿಯಲ್ಲಿ ಒಂದು ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ಬಂದೆ. ದೊಡ್ಡ ಮೇಜಿನ ಆಚೆ ಮೂರು ಕುರ್ಚಿ, ಈಚೆ ನಾನೊಬ್ಬನೇ. ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಬಂದವರು ನನ್ನ ಮೇಲೆ ಕೂರಬೇಕು. ಹಾಗಾಗಿ ಮನುಷ್ಯರ ಮುಖಕ್ಕಿಂತ ಅಂಗೈಗಳ ಪರಿಚಯವೇ ನನಗೆ ಹೆಚ್ಚು.

ನೀಲಾಂಬಿಕಾ ಹೂಗಾರ ಬಂದು ಕೂತ ದಿನ ನನ್ನ ಕಾಲುಗಳೂ ಅದುರಿದವು. ಶಿಕ್ಷಣದ ತತ್ತ್ವಶಾಸ್ತ್ರ ಅವರ ವಿಷಯ. ಹೆದರಿಸಿ ಕಲಿಸಿದ್ದು ಕಲಿಕೆಯೇ ಅಲ್ಲ ಎಂಬುದು ಅವರ ವಾದ. ಮೊದಲ ಪ್ರಶ್ನೆಗೇ ನನ್ನ ತೋಳುಗಳನ್ನು ಬಿಗಿಹಿಡಿದರು.

"ಹೆದರಿಕಿ ಮ್ಯಾಲ ಇಷ್ಟು ದಪ್ಪ ಪುಸ್ತಕ ಬರದೀಯವಾ. ಈಗ ನೀನೇ ನಡುಗಿದ್ರ ಹೆಂಗ? ನೀರು ಕುಡಿ," ಎಂದರು ಹಿರಿಯ ಪ್ರೊಫೆಸರ್ ದೇಶಕುಲಕರ್ಣಿ. ನೀಲಾಂಬಿಕಾ ನೀರು ಕುಡಿದು, ಮೆಲ್ಲಗೆ ಮಾತು ಶುರುಮಾಡಿ, ಪಾಸಾದರು.

ಮುಂದೆ ಅದೇ ವಿಭಾಗದಲ್ಲಿ ಅಧ್ಯಾಪಕಿಯಾದರು, ಪ್ರೊಫೆಸರಾದರು, ಮುಖ್ಯಸ್ಥೆಯಾದರು. ಈಗ ಅವರು ಮೇಜಿನ ಆಚೆ. ತಾವು ತಪ್ಪಿದರೆ ಜನ ನಕ್ಕಾರು ಎಂಬ ಅಳುಕು ಮಾತ್ರ ಅವರನ್ನು ಬಿಡಲಿಲ್ಲ. ಅದನ್ನು ಮುಚ್ಚಲು ದನಿ ಗಡುಸು ಮಾಡಿಕೊಂಡರು. ವರ್ಷ ಕಳೆದಂತೆ ನನ್ನ ತೋಳು ಹಿಡಿಯುವ ಅಂಗೈಗಳು ಹೆಚ್ಚು ಹೆಚ್ಚು ಒದ್ದೆಯಾದವು.

ಒಂದು ದಿನ ಹಳ್ಳಿ ಶಾಲೆಯ ಮಾಸ್ತರರು ಮಾರುತಿ ತಳವಾರ ಬಂದು ಕೂತರು. ಎಂಟು ವರ್ಷ ಕಷ್ಟಪಟ್ಟು ಪ್ರಬಂಧ ಬರೆದವರು.

"ಇದು ಉತ್ತರ ಅಲ್ರಿ. ಮತ್ತ ಹೇಳ್ರಿ," ಎಂದರು ನೀಲಾಂಬಿಕಾ. ಮಾಸ್ತರರು ಮತ್ತೆ ಹೇಳಿದರು. "ಇದೂ ಅಲ್ಲ."

ಮೂರನೆಯ ಸಲ ಕೇಳಿದಾಗ ಮಾಸ್ತರರು ತಮ್ಮ ಪ್ರಬಂಧ ಮುಚ್ಚಿದರು. ಎದ್ದರು, ಕೈಮುಗಿದರು, ಹೊರಟುಹೋದರು. ನನ್ನ ಸೀಟು ಒದ್ದೆಯಾಗಿತ್ತು. ಅದು ಬೆವರಲ್ಲ.

ಎಲ್ಲರೂ ಹೋದ ಮೇಲೆ ನೀಲಾಂಬಿಕಾ ಅದನ್ನು ಕಂಡರು. ಜವಾನನನ್ನು ಕರೆಯಲಿಲ್ಲ; ತಮ್ಮ ಕರವಸ್ತ್ರದಿಂದ ತಾವೇ ಒರೆಸಿದರು. ಆಮೇಲೆ ನನ್ನ ಮೇಲೇ ಕೂತು ಮಾಸ್ತರರಿಗೆ ಕಾಗದ ಬರೆಯಲು ಹೊರಟರು. ನಾಲ್ಕು ಹಾಳೆ ಹರಿದು, ಐದನೆಯದನ್ನು ಮಡಚಿದರು.

ಉತ್ತರ ಬರಲಿಲ್ಲ. ಮತ್ತೆ ಬರೆದರು. ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದರೆ ತಲೆ ಎತ್ತಿ ನೋಡುತ್ತಿದ್ದರು. ಹನ್ನೊಂದು ತಿಂಗಳ ಮೇಲೆ ಮಾಸ್ತರರು ಮತ್ತೆ ಪರೀಕ್ಷೆಗೆ ಬಂದರು. ಕೂತು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಯಾರೂ ಅವಸರಪಡಿಸಲಿಲ್ಲ.

"ಮೇಡಂ, ನನಗ ನಿಮ್ಮ ಹೆದರಿಕಿ ಐತ್ರಿ," ಎಂದರು ಕಡೆಗೆ.

"ನನಗೂ ಹೆದರಿಕಿ ಐತ್ರಿ, ಮಾಸ್ತರ. ಇವತ್ತೂ ಎದ್ದು ಹೋಗಿಬಿಡ್ತೀರೇನೋ ಅಂತ."

ಮಾಸ್ತರರ ಅಂಗೈ ನನ್ನ ತೋಳಿನ ಮೇಲೆ ಮೆಲ್ಲಗೆ ಸಡಿಲಾಯಿತು. ಅವತ್ತು ಅವರು ಒಂದೂವರೆ ತಾಸು ಮಾತಾಡಿದರು.

ನೀಲಾಂಬಿಕಾ ನಿವೃತ್ತರಾದರು. ತಿರುಗುವ ಕುರ್ಚಿಗಳು ಬಂದವು. ಈಗ ನಾನು ವಿಭಾಗದ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದೇನೆ. ನನ್ನ ಬೆನ್ನಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಪಕ್ಕದ ಬೆಂಚಿಗೂ ಹಾಗೇ ಬರೆದಿದ್ದರು, ಮರುದಿನ ಅದನ್ನು ಕೊಡಲಿಯಿಂದ ಸೀಳಿದರು. ನನಗೆ ಭಯವಾಗುತ್ತಿದೆ. ಇಷ್ಟು ಜನರ ಭಯ ಹೊತ್ತವನಿಗೆ ಇದನ್ನು ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.