ಮೊಳೆಗೆ ತೊಡಿಸಿದ ಕಿವಿಗವಸು

ನಮ್ಮನೆಯವರು ಪವರ್‌ಲೂಮ್ ಷೆಡ್ಡಿನಲ್ಲಿ ಬಟ್ಟೆ ನೇಯುತ್ತಾರೆ. ಮನೆಗೆ ಬಂದು ಜೋರಾಗಿ ಟಿ.ವಿ. ಹಾಕಿದರೆ ಆ ಸದ್ದಿಗೆ ಪಕ್ಕದ ಮನೆಯ ಮಗು ಎದ್ದು ಅಳುತ್ತದೆ. ಜೊತೆಗೆ ಇವರಿಗೆ ತಲೆನೋವು, ಸಿಡಿಮಿಡಿ. "ಬಿಪಿ ನೋಡಿಸ್ಕೊಳ್ರೀ" ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು.

ನೋಡಿಸಿಕೊಳ್ಳುವುದೇ ಇಲ್ಲ ಎಂದಲ್ಲ. ವಾರದ ರಜೆಯ ದಿನ ಚೆನ್ನಾಗಿ ನಿದ್ದೆ ಹೊಡೆದು, ಸ್ನಾನ ಮಾಡಿ, ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡು ಹಿಂದಿನ ಬೀದಿಯ ನರ್ಸಮ್ಮನ ಮನೆಗೆ ಹೋಗುತ್ತಾರೆ. ಬಿಪಿ ಸರಿಯಾಗಿಯೇ ಇರುತ್ತದೆ. "ನೋಡಿದ್ಯಾ? ನಿಂದು ನೋಡಿಸ್ಕೋ ಮೊದ್ಲು!" ಎಂದು ನನಗೇ ಉಪದೇಶ.

ಕೊನೆಗೆ ನನಗೆ ರೇಗಿಹೋಯಿತು. ಕೆಲಸದ ದಿನವೇ ನರ್ಸಮ್ಮನನ್ನು ಕರೆದುಕೊಂಡು ಷೆಡ್ಡಿಗೆ ಹೋದೆ. ಅಬ್ಬಬ್ಬಾ, ಆ ಸದ್ದು! ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸದು. ಊಟದ ಬಿಡುವಿನಲ್ಲಿ ಇವರನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ನರ್ಸಮ್ಮ ಬಿಪಿ ನೋಡಿದರು. ನೂರ ಎಪ್ಪತ್ತರ ಹತ್ತಿರ!

"ನಿಮ್ಮ ಮಿಷನ್ ಕೆಟ್ಟಿದೆ" ಎಂದರು ಇವರು.

ನರ್ಸಮ್ಮ ಇನ್ನೊಂದು ಕೈಗೆ ಕಟ್ಟಿ ನೋಡಿದರು. ಅಷ್ಟೇ ಇತ್ತು.

"ಮಿಷನ್ ಸರಿಯಾಗಿದೆ ಅಣ್ಣ. ಇಷ್ಟು ಸದ್ದು ಕಿವಿಗೆ ಬಿದ್ರೆ ಮೈ ಗಾಬರಿ ಬೀಳುತ್ತೆ, ರಕ್ತನಾಳ ಬಿಗಿಯುತ್ತೆ. ವರ್ಷಗಟ್ಟಲೆ ಹೀಗೇ ಆದ್ರೆ ಏರಿದ ಬಿಪಿ ಇಳಿಯದೇ ಉಳೀಬಹುದು. ಲಕ್ವ ಹೊಡೆಯೋವರೆಗೂ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಕಿವಿಗವಸು ಕೊಟ್ಟಿಲ್ವಾ?"

ಮಾಲೀಕರು ಕೊಟ್ಟಿದ್ದರು. ಮಗ್ಗದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

"ಅದನ್ನ ಹಾಕ್ಕೊಂಡ್ರೆ ನೂಲು ಹರಿದಿದ್ದು ಗೊತ್ತಾಗಲ್ಲ. ಮಗ್ಗದ ಸದ್ದು ಚೂರು ಬದಲಾದ್ರೂ ನಾನು ಹಿಡೀತೀನಿ" ಎಂದು ಇವರು ಬೀಗಿದರು.

ನನಗೆ ಮೈಯೆಲ್ಲ ಉರಿಯಿತು. "ನೂಲು ಹರಿದ್ರೆ ನೀವು ಗಂಟು ಹಾಕ್ತೀರಿ. ನಿಮ್ಮ ತಲೇಲಿ ನರ ಹರಿದ್ರೆ ಯಾರ್ರೀ ಗಂಟು ಹಾಕೋದು? ನಾನಾ?"

ಇವರು ಮೊಳೆಯ ಕಡೆ ತಿರುಗಿ ನೋಡಿದರು.

"ಹಾಕ್ಕೊಂಡ್ರೂ ಸದ್ದು ಪೂರ್ತಿ ನಿಲ್ಲಲ್ಲ ಅಣ್ಣ, ತಗ್ಗುತ್ತೆ ಅಷ್ಟೇ. ಒಂದ್ಸಲ ಹಾಕಿ ನೋಡಿ" ಎಂದರು ನರ್ಸಮ್ಮ.

ಬಿಡುವು ಮುಗಿದು ಮಗ್ಗ ಶುರುವಾಯಿತು. ಇವರು ಗೊಣಗುತ್ತಲೇ ಕಿವಿಗವಸು ತೊಟ್ಟರು. ಸ್ವಲ್ಪ ಹೊತ್ತಿಗೆ ನೂಲು ಹರಿಯಿತು. ಕಿವಿಗವಸು ಇದ್ದರೂ ಅದು ಇವರಿಗೆ ತಿಳಿಯಿತು!

ಆಮೇಲೆ ಡಾಕ್ಟರಿಗೂ ತೋರಿಸಿದೆವು. ಈಗ ಅವರು ಕೊಟ್ಟ ಮಾತ್ರೆಯನ್ನೂ ಕಿವಿಗವಸನ್ನೂ ತಪ್ಪಿಸುವುದಿಲ್ಲ. ಕೆಲಸಗಾರರೆಲ್ಲ ಸೇರಿ ಮಾಲೀಕರಿಗೆ ಹೇಳಿ, ಮಗ್ಗಗಳ ಸಡಿಲ ಬೋಲ್ಟುಗಳನ್ನು ಬಿಗಿಸಿ ಎಣ್ಣೆ ಹಾಕಿಸಿದ್ದಾರೆ. ನಮ್ಮನೆ ಟಿ.ವಿ. ಸದ್ದೂ ತಗ್ಗಿದೆ, ಪಕ್ಕದ ಮನೆಯ ಮಗುವೂ ನಿದ್ದೆ ಮಾಡುತ್ತಿದೆ.

ಸದ್ದಿನ ನಡುವೆ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಪಕ್ಕದವರಿಗೆ ಕೇಳಿಸಲು ಕೂಗಬೇಕಾದರೆ ಆ ಸದ್ದು ಅತಿಯಾಯಿತೆಂದೇ ಲೆಕ್ಕ. ಕೆಲಸದ ದಿನವೂ ಬಿಪಿ ನೋಡಿಸಿ. ಕಿವಿಗವಸನ್ನು ಮೊಳೆಯಿಂದ ಇಳಿಸಿ, ಕಿವಿಗೆ ತೊಡಿ. ಮೊಳೆಗೆ ಬಿಪಿ ಬರುವುದಿಲ್ಲ, ನಿಮಗೆ ಬರುತ್ತದೆ.