ಯೋಗಿರಾಜರ ಸಿನೆಮಾ ಅಭಿಪ್ರಾಯ

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ದಿನಾ ಅಪ್‌-ಡೌನ್ ಮಾಡುವ ನೌಕರ ಮಂದಿಯಲ್ಲಿ ಯೋಗಿರಾಜನಿಗಿದ್ದ ಮಾನ ಅವನ ಸಾಹೇಬರಿಗೂ ಇರಲಿಲ್ಲ. ಕೆಲಸ ನೋಡಿದರೆ ಅಕ್ಕಲಕೋಟದ ಒಂದು ಕಚೇರಿಯಲ್ಲಿ ಸಾದಾ ಕ್ಲಾರ್ಕ್. ಮಾನ ಬಂದದ್ದು ಸಿನೆಮಾದಿಂದ. ಬೆಳಗಿನ ಎಸ್‌.ಟಿ. ಬಸ್ಸು ಎಂಐಡಿಸಿಯ ಕಾರ್ಖಾನೆಗಳನ್ನು ದಾಟಿ ಕುಂಭಾರಿಯಲ್ಲಿ ನಿಂತಿತೆಂದರೆ, ಅಲ್ಲಿ ಹತ್ತುವ ಗೊಲ್ಲಾಳಪ್ಪ ಟಿಕೀಟು ತೆಗೆಸುವ ಮೊದಲೇ ಕೇಳುತ್ತಿದ್ದ, “ಯೋಗಿರಾಜ ಅಣ್ಣಾರ, ನಿನ್ನಿ ಪಿಚ್ಚರ್ ಹೆಂಗಿತ್ತರಿ?” ಮುಂದಿನ ಸೀಟಿನವರು ಹಿಂದಕ್ಕೆ ತಿರುಗುತ್ತಿದ್ದರು. ಯೋಗಿರಾಜ ಗಂಟಲು ಸರಿ ಮಾಡಿಕೊಂಡು ತನ್ನ ಅಭಿಪ್ರಾಯ ಹೇಳುತ್ತಿದ್ದ. ಆ ಅಭಿಪ್ರಾಯ ಬಸ್ಸನ್ನೆಲ್ಲ ನಗಿಸಿ, ಅಕ್ಕಲಕೋಟದಲ್ಲಿ ಇಳಿದು, ಚಹಾದ ಹೊತ್ತಿಗೆ ಕಚೇರಿ ಸುತ್ತಿ, ಸಂಜೆಗೆ ಹೆಡ್‌ಕ್ಲಾರ್ಕ್ ಧೂಳಪ್ಪನವರ ಅಡಿಗೆಮನೆ ಮುಟ್ಟುತ್ತಿತ್ತು.

ಇದೊಂದೂ ಅವನ ಹೆಂಡತಿ ನೀಲಗಂಗಾಗೆ ಗೊತ್ತಿರಲಿಲ್ಲ. ಅವಳು ಬಲ್ಲ ಯೋಗಿರಾಜನೇ ಬೇರೆ. ಟಿವಿಯಲ್ಲಿ ಹೆಸರುಗಳು ಬಂದು ಹೋಗುವುದರೊಳಗೆ ಈ ಮಹಾಶಯನ ಕತ್ತು ವಾಲುತ್ತಿತ್ತು, ಮೊದಲನೇ ಹಾಡಿಗೆ ಗೊರಕೆ. ಕೇಬಲ್ಲಿನವನು ಓಣಿಗೆಲ್ಲ ವೈರು ಎಳೆದು ದಿನಕ್ಕೆರಡು ಸಿನೆಮಾ ಹಾಕತೊಡಗಿದ ಮೇಲೆ ನಿದ್ದೆಯೂ ಎರಡು ಸಲ ಆಗತೊಡಗಿತು. ಪೂರ್ತಿ ನೋಡುವವಳು ನೀಲಗಂಗಾ. ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ಯೋಗಿರಾಜ ಚಹಾದ ಬಸಿ ಹಿಡಿದು ಎದುರಿಗೆ ಕೂತು, “ಮುಂದೇನಾತು?” ಅನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಗಂಡ ಇಷ್ಟು ಕಿವಿಗೊಟ್ಟು ಕೇಳುತ್ತಾನಲ್ಲ ಎಂದು ಒಳಗೊಳಗೇ ಹಿಗ್ಗುತ್ತಲೂ ಇದ್ದಳು.

ಕೇಳುವಂಥದ್ದೇ ಇರುತ್ತಿತ್ತು ಅವಳ ಮಾತು. ಮೂರು ತಾಸು ಮದುವೆ ಸಂಭ್ರಮದ ಒಂದು ಹಿಂದಿ ಸಿನೆಮಾ ನೋಡಿ ಊರಿಗೆ ಊರೇ ಹುಚ್ಚಾಗಿದ್ದಾಗ ಅವಳೆಂದಿದ್ದು ಇಷ್ಟೇ: “ಮನಿತುಂಬ ನಲವತ್ತು ಮಂದಿ. ಹಾಡೇನು, ಕುಣತ ಏನು! ಒಬ್ಬಾಕಿರೆ ಅಡಗಿಮನಿಗೆ ಹೋಗಿದ್ದು ನೋಡ್ಲಿಲ್ಲ ನಾ. ತಾಟು ಮಾತ್ರ ತುಂಬಿಕೊಂಡು ಬರ್ತಾವ.” ಹೊಡೆದಾಟದ ಸಿನೆಮಾ ಬಂದರೆ, “ಆ ಗೂಂಡಾಗೋಳು ಎಷ್ಟ ಶಿಸ್ತಿನವ್ರರಿ, ರೇಷನ್ ಅಂಗಡ್ಯಾಗ ನಿಂತಂಗ ಪಾಳಿ ಹಚ್ಚಿ ಒಬ್ಬೊಬ್ಬನ ಬಂದು ಬಡಿಸ್ಕೊಂಡು ಹೋಗ್ತಾರ,” ಅನ್ನುವಳು. ಓಣಿಯ ಹೆಂಗಸರಿಗೆ ಇದು ಅತಿರೇಕದ ಮಾತು. ನೀಲಗಂಗಾಗೆ ಮಾತ್ರ ತನ್ನ ಕಣ್ಣಿನ ಮೇಲೆ ಭಾರೀ ಅಭಿಮಾನ. ಅಡಿಗೆಯಲ್ಲಿ ತಪ್ಪು ತೆಗೆದರೆ ಸುಮ್ಮನಿರುವಳು, ಸಿನೆಮಾದ ಮಾತಿನಲ್ಲಿ ತೆಗೆದರೆ ಬಿಡುವವಳಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ರವಿವಾರ ಧೂಳಪ್ಪನವರ ಹೆಂಡತಿ ಉಮಾಬಾಯಿ ಅಕ್ಕಲಕೋಟದ ತಮ್ಮ ಮನೆಯಲ್ಲಿ ಅರಿಶಿಣ-ಕುಂಕುಮ ಇಟ್ಟುಕೊಂಡರು. ಕಚೇರಿಯವರ ಹೆಂಡಂದಿರಿಗೆಲ್ಲ ಕರೆ. ಯೋಗಿರಾಜ ಹೆಂಡತಿಯನ್ನು ಕರೆತಂದು, ತಾನು ಪಡಸಾಲೆಯಲ್ಲಿ ಗಂಡಸರ ಸಂಗಡ ಕೂತ. ಒಳಗೆ ತಿಳಗೂಳದ ಎಳ್ಳುಂಡೆ ಹಂಚಿದ್ದಾಯಿತು, ಸ್ಟೀಲಿನ ಬಟ್ಟಲು ಕೊಟ್ಟದ್ದಾಯಿತು, ಮಾತು ಟಿವಿಯ ಮರಾಠಿ ಸೀರಿಯಲ್ಲಿಗೆ ಬಂತು. ಅದರಲ್ಲೊಬ್ಬ ವಕೀಲ, ಅವನ ಹೆಂಡತಿಗೆ ತವರಿನಿಂದ ಅತ್ತೆಯ ಮನೆಯವರೆಗೆ ಎಲ್ಲರದೂ ಕಾಟ. ಆಕೆ ತುಟಿ ಪಿಟಕ್ ಅನ್ನುವುದಿಲ್ಲ.

“ಏನ್ ಸಹನಿ ಅವ್ವಾ ಆಕೀದು! ದೇವಿ ಇದ್ದಂಗ ಇದ್ದಾಳ,” ಅಂದರು ಉಮಾಬಾಯಿ.

ನೀಲಗಂಗಾಗೆ ತಡೆಯಲಿಲ್ಲ. “ಸಹನಿ ಎಲ್ಲೀದ್ರಿ ವೈನಿ? ಬಾಯಿ ಬಿಟ್ಟು ಒಂದ ಮಾತು ಕೇಳಿದ್ರ ಎರಡನೇ ವಾರಕ್ಕ ಕತಿ ಮುಗೀತಿತ್ತು. ಮುಗೀಬಾರ್ದಂತ ಬರ್ಯಾಂವ ಆಕೀ ಬಾಯಿ ಹೊಲದಾನ.”

ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಅವಳ ಮಾತಿಗೆ ನಕ್ಕರೆಂದು ನೀಲಗಂಗಾ ತಿಳಿದಳು.

“ಅಯ್ಯ, ಇದು ಯೋಗಿರಾಜ ಭಾವಜಿ ಮಾತಲ್ಲಾ!” ಉಮಾಬಾಯಿ ಅವಳ ಗಲ್ಲ ಹಿಡಿದರು. “ಹೋದ ವಾರ ನಮ್ಮವರು ಆಫೀಸಿಂದ ಬಂದು ಇದನ್ನ ಹೇಳಿ ಹೇಳಿ ನಕ್ಕಾರ. ಗಂಡನ ಮಾತು ಎಷ್ಟ ಚೊಕ್ಕ ಪಾಠ ಮಾಡ್ಕೊಂಡಾಳ ನೋಡ್ರಿ ಈ ಹುಡಿಗಿ! ಪುಣ್ಯಾ ಮಾಡಿರಬೇಕವ್ವ ಅಂಥಾ ಶಾಣ್ಯಾ ಗಂಡ ಸಿಗಾಕ.”

ಬೇರೊಬ್ಬಳು ರೇಷನ್ ಪಾಳಿಯ ಮಾತು ತೆಗೆದಳು. ಮತ್ತೊಬ್ಬಳು ಅಡಿಗೆಮನೆಯದು. ಎಲ್ಲ ಭಾವಜಿಯವರದೇ! ನೀಲಗಂಗಾಳ ಮೈಯೆಲ್ಲ ಉರಿಯಿತು. ತಾನು ಹಿಟ್ಟಿನ ಕೈಯಲ್ಲಿ ಆಡಿದ ಒಂದೊಂದು ಮಾತೂ ಗಂಡನ ಹೆಸರು ಹೊತ್ತು ಎದುರಿಗೆ ಬಂದು ನಿಂತಿತ್ತು. ಬಾಗಿಲಾಚೆ ಪಡಸಾಲೆಯಲ್ಲಿ ಯೋಗಿರಾಜನಿಗೆ ಎಲ್ಲ ಕೇಳಿಸಿತ್ತು. ಅವಳು ಅವನತ್ತ ನೋಡಿದಳು. ಅವನು ಬಸಿಯಲ್ಲಿನ ಚಹಾ ನೋಡಿದ. ‘ಇಲ್ಲರಿ, ಅದು ಆಕೀದ ಮಾತು’ ಎಂದಿದ್ದರೆ ಸಾಕಿತ್ತು. ಅವನು ಚಹಾ ಕುಡಿದ. ಹತ್ತು ಮಂದಿಯ ಎದುರು ಗಂಡನ ಮಾನ ತೆಗೆಯಲಾರದೆ ಅವಳೂ ಸುಮ್ಮನಾದಳು.

ಬಸ್ಸಿನಲ್ಲಿ ಮರಳುವಾಗ ಅವಳಿಗೆ ಗಂಡನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಯಿತು. ಆ ವಕೀಲನ ಹೆಂಡತಿಗೆ ವಾರಗಟ್ಟಲೆ ಬೈದವಳು, ತನ್ನ ಪಾಳಿ ಬಂದಾಗ ತಾನೂ ಬಾಯಿ ಹೊಲಿದುಕೊಂಡು ಎದ್ದುಬಂದಿದ್ದಳು. ಹಾಗಾಗಿ ಮನೆಯ ಕೀಲಿ ತೆಗೆದದ್ದೇ ತಡ, ಬಾಯಿ ಬಿಟ್ಟಳು.

“ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ! ಚಲೋ ನಡದದ ನಿಮ್ಮದು.”

“ಸಂಸಾರದಾಗ ನಿಂದು ನಂದು ಅಂತ ಏನದ ನೀಲಾ?” ಅಂದ ಯೋಗಿರಾಜ.

“ಹೌದ? ಹಂಗಿದ್ರ ಮುಂದಿನ ಪ್ರಮೋಶನ್ ನನ್ನ ಹೆಸರಿಗೆ ತರ್ರಿ.”

ಯೋಗಿರಾಜನಿಗೆ ಉತ್ತರ ಹೊಳೆಸಿಕೊಡುವವಳೇ ಎದುರು ಪಕ್ಷದಲ್ಲಿದ್ದಳು.

ಮರುದಿನದಿಂದ ರೊಟ್ಟಿ ಅದೇ, ಚಹಾ ಅದೇ, ಮಾತು ಮಾತ್ರ ಬಂದ್. “ನಿನ್ನಿ ಪಿಚ್ಚರ್ ಹೆಂಗಿತ್ತು?” ಎಂದರೆ “ಚಲೋ ಇತ್ತು.” “ಮತ್ತ ಸೀರಿಯಲ್?” “ಅದೂ ಚಲೋ ಇತ್ತು.” ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಯೋಗಿರಾಜ ಕಣ್ಣಿಗೆ ನೀರು ಹಚ್ಚಿಕೊಂಡು ತಾನೇ ನೋಡಲು ಹೊರಟ. ಗೋಡೆಗೆ ಆನಿಕೊಳ್ಳದೆ ಕೂತ, ನಿಂತು ನೋಡಿದ. ನಿಂತಲ್ಲೇ ತೂಕಡಿಸಿದ. ಬಸ್ಸಿನಲ್ಲಿ ಒಂದು ದಿನ ಧೈರ್ಯ ಮಾಡಿ, “ಹಾಡು ಚಲೋ ಅವ,” ಅಂದನಂತೆ. “ಹಾಡು ಚಲೋ ಅವ ಅಂತ ನಮ್ಮ ಎಮ್ಮಿನೂ ಹೇಳ್ತದ ಬಿಡ್ರಿ,” ಅಂದನಂತೆ ಗೊಲ್ಲಾಳಪ್ಪ. ಇದನ್ನು ಯೋಗಿರಾಜನೇ ಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಹೇಳಿದ. ನೀಲಗಂಗಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗಿ ನಕ್ಕು ಬಂದಳು. ಅವಳಿಗೆ ಅವನ ಅಪಮಾನ ಬೇಕಿರಲಿಲ್ಲ. ತನ್ನ ಮಾತು ತನ್ನ ಹೆಸರಿಗೆ ಬರಬೇಕಾಗಿತ್ತು, ಅಷ್ಟೇ.

ಬೇಸಗೆಗೆ ಸೊಲ್ಲಾಪುರದ ಟಾಕೀಜಿಗೆ ಒಂದು ಹೊಸ ಹಿಂದಿ ಸಿನೆಮಾ ಬಂತು. ಸಿರಿವಂತರ ಮಗಳು, ಬಡ ಹುಡುಗ, ಸಿಟ್ಟಿನ ಅಪ್ಪ. ಟಿಕೀಟಿಗೆ ಹೊಡೆದಾಟ. ಧೂಳಪ್ಪನವರು ಕಚೇರಿಯಲ್ಲಿ ಸಾರಿಬಿಟ್ಟರು, “ಈ ಸಲ ಎಲ್ಲಾರೂ ಮನಿಮಂದಿ ಕರ್ಕೊಂಡು ಯೋಗಿರಾಜನ ಜೋಡಿ ಕೂತ ನೋಡೂಣು. ಇಂಟರ್ವಲ್‌ದಾಗ ಗರಮಾಗರಂ ಅಭಿಪ್ರಾಯ ಕೇಳೂಣು.” ರವಿವಾರ ಮಧ್ಯಾಹ್ನದ ಆಟಕ್ಕೆ ಬಾಲ್ಕನಿಯ ಎರಡು ಸಾಲು ಇವರದೇ ಆಯಿತು. ಉಮಾಬಾಯಿ ನೀಲಗಂಗಾಳ ಬಲಕ್ಕೆ, ಯೋಗಿರಾಜ ಎಡಕ್ಕೆ. ಸಾಲಿನ ತುದಿಗೆ, ಸುದ್ದಿ ಕೇಳಿ ತಾನೂ ಬಂದ ಬಸ್ಸಿನ ಗೊಲ್ಲಾಳಪ್ಪ.

ಫ್ಯಾನಿನ ಗಾಳಿ, ತಂಪು ಕತ್ತಲೆ, ಮೆತ್ತನೆಯ ಕುರ್ಚಿ. ಹುಡುಗ-ಹುಡುಗಿ ಮೊದಲ ಸಲ ಭೇಟಿಯಾಗುವುದರೊಳಗೆ ಯೋಗಿರಾಜನ ತಲೆ ಹೆಂಡತಿಯ ಭುಜಕ್ಕೆ ಬಂತು. ನೀಲಗಂಗಾ ಎಬ್ಬಿಸಲಿಲ್ಲ. ಸಿನೆಮಾ ನೋಡಿದಳು.

ಇಂಟರ್ವಲ್ಲಿಗೆ ದೀಪ ಹತ್ತಿದವು. ಬಟಾಟೆ ವಡೆಯ ಪೊಟ್ಟಣ ಹಿಡಿದು ಎಲ್ಲರೂ ಸುತ್ತ ನೆರೆದರು. “ಹೂಂ, ಹೇಳ್ರಿ ಯೋಗಿರಾಜ,” ಅಂದರು ಧೂಳಪ್ಪನವರು.

ಯೋಗಿರಾಜ ಕಣ್ಣುಜ್ಜಿಕೊಂಡು ಎಲ್ಲರ ಮುಖ ನೋಡಿದ. ಆಮೇಲೆ ಹೆಂಡತಿಯ ಮುಖ. ಅವಳೂ ಅವನನ್ನೇ ನೋಡಿದಳು. ಹಾಡು ಚಲೋ ಅವ ಎಂದು ಜಾರಿಕೊಳ್ಳುತ್ತಾನೋ, ಮತ್ತೆ ಚಹಾದ ಬಸಿ ನೋಡಿದಂತೆ ವಡೆ ನೋಡುತ್ತಾನೋ? ಅವನು ಎದ್ದು ನಿಂತ.

“ನನಗ ಗೊತ್ತಿಲ್ಲರಿ ಸಾಹೇಬರ. ನಾ ಮಲಗಿದ್ದೆ. ಇವತ್ತಷ್ಟ ಅಲ್ಲ, ಒಂದು ಪಿಚ್ಚರೂ ನಾ ಪೂರಾ ನೋಡಿಲ್ಲ. ಇಷ್ಟ ದಿನ ನಾ ಹೇಳಿದ್ದೆಲ್ಲಾ ಇಕೀ ಮಾತು. ಆ ದಿನ ನಿಮ್ಮ ಮನ್ಯಾಗ ಹೇಳಬೇಕಿತ್ತು, ನನ್ನ ನಾಲಗಿ ಏಳ್ಲಿಲ್ಲ.”

ನೀಲಗಂಗಾಳ ಕಣ್ಣು ತುಂಬಿ ಬಂದವು. ಆದರೆ ಮಂದಿ ನೋಡಿ! ಒಬ್ಬರೂ ನಂಬಲಿಲ್ಲ. “ವಾ! ಏನ್ ದೊಡ್ಡ ಮನಸ್ಸು!” ಅಂದ ಗೊಲ್ಲಾಳಪ್ಪ. ಉಮಾಬಾಯಿ ತಮ್ಮ ಗಂಡನನ್ನು ತಿವಿದರು, “ನೋಡಿ ಕಲೀರಿ. ಹೆಂಡ್ತಿ ಮಾನ ಹೆಂಗ ಏರಸ್ತಾರ ನೋಡ್ರಿ.” ನಿಜ ಹೇಳಿದ್ದಕ್ಕೆ ಯೋಗಿರಾಜನ ಮಾನ ಇನ್ನೂ ಒಂದು ಮೆಟ್ಟಿಲು ಏರಿತ್ತು. ಅವನು ಗಾಬರಿಯಿಂದ, “ಖರೇನ ಹೇಳ್ತೀನ್ರಿ,” ಎಂದಷ್ಟೂ ಮಂದಿ ತಲೆದೂಗಿದರು.

ಇನ್ನು ಈ ಕೆಲಸ ಅವನಿಂದ ಆಗುವುದಲ್ಲ ಎಂದು ನೀಲಗಂಗಾಗೆ ತಿಳಿಯಿತು. ಈ ಸಲ ಅವಳು ಬಾಯಿ ಹೊಲಿದುಕೊಳ್ಳಲಿಲ್ಲ.

“ವೈನಿ, ದೊಡ್ಡ ಮನಸ್ಸು ಆಮ್ಯಾಲ ನೋಡೂಣು. ಮೊದಲ ಇವರಿಗೆ ಒಂದ ಮಾತು ಕೇಳ್ರಿ. ಹೀರೋನ ತಂಗಿ ಎಲ್ಲಿ ಹೋದ್ಳು ಅಂತ.”

ಎಲ್ಲರೂ ಯೋಗಿರಾಜನತ್ತ ತಿರುಗಿದರು. ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ರೂಢಿಯಿಂದ, “ಮದಿವಿ ಆಗಿ ಗಂಡನ ಮನಿಗೆ ಹೋಗ್ಯಾಳ,” ಅಂದ.

“ಹೀರೋಗ ತಂಗೀನ ಇಲ್ಲಲ್ಲೋ ಮಾರಾಯಾ!” ಧೂಳಪ್ಪನವರು ಕೂಗಿದರು. ಗೊಲ್ಲಾಳಪ್ಪ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ. ಬಾಲ್ಕನಿಯ ಬೇರೆ ಮಂದಿಯೂ ತಿರುಗಿ ನೋಡಿದರು. ನಗೆ ಇಳಿಯುತ್ತ ಇಳಿಯುತ್ತ ಎಲ್ಲರ ಕಣ್ಣು ಒಂದೊಂದಾಗಿ ನೀಲಗಂಗಾಳ ಮೇಲೆ ಬಂದು ನಿಂತವು. ಧೂಳಪ್ಪನವರ ದನಿ ಬದಲಾಗಿತ್ತು.

“ಹಂಗಿದ್ರ ನೀವ ಹೇಳ್ರಿ ವೈನಿ. ಹೆಂಗದ ಪಿಚ್ಚರ್?”

ಅವಳು ಸೆರಗು ಸರಿ ಮಾಡಿಕೊಂಡಳು. ಗಂಟಲು ಸರಿ ಮಾಡಿಕೊಳ್ಳುವ ಅಗತ್ಯ ಅವಳಿಗಿರಲಿಲ್ಲ.

“ಆ ಮನಿ ಕೆಲಸದಾಕಿನ್ನ ಯಾರರೆ ನೋಡಿದ್ರೇನು? ಇಲ್ಲೀತನಾ ಆಕೀಗೆ ಇರೂದು ಎರಡ ಮಾತು. ‘ಬಂದೆ ಬಾಯಾರ, ಹೋದೆ ಬಾಯಾರ.’ ಆದ್ರ ಹುಡಿಗಿ ಮನಿ ಬಿಟ್ಟು ಹೋಗೂವಾಗ ಹಿಂದ ಕಂಬದ ಬಾಜೂಕ ನಿಂತು, ಹಡದ ಅವ್ವನಕಿಂತ ಮೊದಲ ಕಣ್ಣ ಒರಸ್ಕೊಂಡ್ಳು. ಖರೇ ಅತ್ತಾಕಿ ಆಕಿ ಒಬ್ಬಾಕಿ. ಉಳಿದವರು ಕ್ಯಾಮೆರಾ ಎಲ್ಲದ ಅಂತ ನೋಡಿ ಅತ್ತಾರ.”

ಈ ಸಲ ಯಾರೂ ನಗಲಿಲ್ಲ. ಗೊಲ್ಲಾಳಪ್ಪ, “ಹೌದಲ್ಲ... ಕಂಬದ ಬಾಜೂಕ ಇದ್ಳು,” ಎಂದು ತನಗೆ ತಾನೇ ಅಂದುಕೊಂಡ. ಉಮಾಬಾಯಿ ಮಾತ್ರ ಸ್ವಲ್ಪ ಅಂಜುತ್ತಲೇ, “ನನಗೇನೋ ಆ ಅವ್ವ ಅತ್ತಿದ್ದೂ ಚಲೋ ಅನಸ್ತವ್ವ,” ಅಂದರು. ಅಂದವರೇ, ತಪ್ಪಾಯಿತೇನೋ ಎಂಬಂತೆ ಗಂಡನ ಮುಖ ನೋಡಿದರು.

“ಅವರನ್ಯಾಕ ನೋಡ್ತೀರಿ ವೈನಿ? ನಿಮಗ ಚಲೋ ಅನಸ್ತು, ನಿಮ್ಮ ಬಾಯಿಲೆ ಹೇಳಿದ್ರಿ. ಅದು ನಿಮ್ಮದ ಮಾತು,” ಅಂದಳು ನೀಲಗಂಗಾ.

ಬೆಲ್ಲು ಹೊಡೆಯಿತು. ಮಂದಿ ತಮ್ಮ ತಮ್ಮ ಕುರ್ಚಿಗೆ ಹೋದರು, ದೀಪ ಆರಿದವು, ತೆರೆಯ ಮೇಲೆ ಚಿತ್ರ ಮೂಡಿತು. ಹಿಂದಿನ ಸಾಲಿನ ಗುರುತಿಲ್ಲದ ಗೃಹಸ್ಥನೊಬ್ಬ ಮುಂದೆ ಬಾಗಿ ಯೋಗಿರಾಜನ ಭುಜ ತಟ್ಟಿ, “ಆ ಬಾಯಾರು ಯಾರ್ರಿ?” ಎಂದು ಪಿಸುಗುಟ್ಟಿದ.

ಯೋಗಿರಾಜ ಪಿಸುಗುಟ್ಟಲಿಲ್ಲ. “ನಮ್ಮ ಮನಿಯವ್ರು!” ಎಂದು ಬಾಲ್ಕನಿಗೆಲ್ಲ ಕೇಳುವಂತೆ ಹೇಳಿದ. ನಾಲ್ಕೂ ಕಡೆಯಿಂದ ಶ್‌ ಶ್‌ ಎಂದರು. ಅವನು ಯಾರಿಗೂ ಸೊಪ್ಪು ಹಾಕದೆ ಎದೆ ಸೆಟೆದುಕೊಂಡು ಕೂತ.

ಇಂಟರ್ವಲ್ ಆದಮೇಲೆ ಆ ಸಿನೆಮಾದಲ್ಲಿ ಮೊದಲಿಗೆ ಏನಾಗುತ್ತದೆ ಎಂದು ನೀಲಗಂಗಾಳನ್ನು ಕೇಳಬೇಡಿ. ತೆರೆಯ ಮೇಲೆ ಕಣ್ಣಿಟ್ಟೇ ಕೂತಿದ್ದಳು, ಆದರೆ ತುಂಬಿದ ಕಣ್ಣಿಗೆ ಒಂದೂ ಕಾಣಿಸಲಿಲ್ಲ.