ಉದಾಸೀನ

ಅಕ್ಕನ ತಲೆಗೆ ಎಣ್ಣೆ ಹಚ್ಚಲು ಹೋದ ಕುಶಲಾಳ ಬೆರಳುಗಳು ಗಂಟಿನಲ್ಲಿ ಸಿಕ್ಕಿಕೊಂಡವು. ಬಾಚದೆ ಎಷ್ಟು ಕಾಲವಾಗಿತ್ತೋ, ಕೂದಲು ಹರಿದ ಬಲೆಯಂತಾಗಿತ್ತು.

"ಬಾಚಲಿಕ್ಕೂ ಉದಾಸೀನ ಅವಳಿಗೆ," ಎಂದರು ಅಕ್ಕನ ಅತ್ತೆ ಸರಸ, ಹೆಣಕ್ಕೆ ನೀರು ಹೊಯ್ಯುತ್ತ. "ಸಕ್ಕರೆ ಕಾಯಿಲೆಯ ಮಾತ್ರೆ ನುಂಗಲಿಕ್ಕೂ ಉದಾಸೀನ, ಉಣ್ಣಲಿಕ್ಕೂ ಉದಾಸೀನ. ಹೀಗಾದರೆ ಸಾಯದೆ ಇನ್ನೆಂತ ಆಗ್ತದೆ?"

ಕುಶಲಾಳ ಮೈಯೆಲ್ಲ ಉರಿದುಹೋಯಿತು. ಕಾಪುವಿನ ಕಡೆ ಸೋಮಾರಿತನಕ್ಕೆ ಇರುವುದು ಇದೊಂದೇ ಹೆಸರು. ಆ ಹೆಸರನ್ನೇ ಮನಸ್ಸಿನ ಕಾಯಿಲೆಗೂ ಅಂಟಿಸಿ ಅಕ್ಕ ಸೌಮ್ಯಶ್ರೀಯನ್ನು ಮುಗಿಸಿದ್ದರು.

*

ಎರಡು ವರ್ಷದ ಹಿಂದೆ ಸೌಮ್ಯಶ್ರೀ ಬಂಗುಡೆ ಮೀನಿನ ಬುಟ್ಟಿಯ ಮುಂದೆ ಕತ್ತಿ ಹಿಡಿದು ಸುಮ್ಮನೆ ಕೂತಿದ್ದಳು.

"ನನಗೆ ಎಂತದೋ ಆಗಿದೆ ಕುಶಲಾ. ಬೆಳಗ್ಗೆ ಏಳ್ಲಿಕ್ಕೇ ಆಗುವುದಿಲ್ಲ."

ಕುಶಲಾ ಅವಳನ್ನು ಮಣಿಪಾಲಕ್ಕೆ ಕರೆದೊಯ್ದಳು. ಡಾಕ್ಟರು ಖಿನ್ನತೆ ಎಂದರು. ಬೇಗ ಬಂದದ್ದು ಒಳ್ಳೆಯದಾಯಿತು, ಮದ್ದು ಮಾತ್ರ ನಡುವೆ ಬಿಡಬೇಡಿ ಎಂದರು. ತಿಂಗಳೆರಡು ಕಳೆಯುವಷ್ಟರಲ್ಲಿ ಅಕ್ಕ ಮೀನಿನ ಗಿರಾಕಿಗಳ ಜೊತೆ ಮತ್ತೆ ಜಗಳ ಆಡತೊಡಗಿದ್ದಳು. ಆಗ ಗಂಡ ಯಶ್ವಂತ್ ಮಾತ್ರೆಗಳನ್ನು ಚರಂಡಿಗೆಸೆದ.

"ಸರಿಯಾಗಿದ್ದಾಳಲ್ಲ, ಇನ್ನು ಹುಚ್ಚಿನ ಮದ್ದು ಎಂತಕ್ಕೆ? ನಾಳೆ ಮಗಳಿಗೆ ಗಂಡು ಸಿಗ್ಲಿಕ್ಕೆ ಉಂಟಾ?"

ಮದ್ದಿನ ಬದಲು ಕೈಗೊಂದು ಮಂತ್ರಿಸಿದ ನೂಲು ಕಟ್ಟಿಸಿದರು. ನೂಲು! ಅಕ್ಕ ಮತ್ತೆ ಚಾಪೆ ಹಿಡಿದಳು.

*

ಚಿತೆ ಉರಿಸಿ ಬಂದ ಗಂಡಸರು ಅಂಗಳದಲ್ಲಿ ಕಾಲಿಗೆ ನೀರು ಹೊಯ್ದುಕೊಳ್ಳುತ್ತಿದ್ದರು. ಒಳಗೆ ಸೌಮ್ಯಶ್ರೀಯ ಮಗಳು ಮೋಕ್ಷಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಇವಳೂ ತಾಯಿಯ ಹಾಗೇ," ಎಂದರು ಸರಸ. "ತಾಯಿ ಇರುವಾಗಲೇ ಕಾಲೇಜು ಬಿಟ್ಟು ಮಲಗಿದ್ದಾಳೆ. ಉದಾಸೀನ."

"ಅತ್ತೆ, ಆ ಮಾತು ಇನ್ನೊಮ್ಮೆ ನಿಮ್ಮ ಬಾಯಲ್ಲಿ ಬಂದರೆ ನಾನು ಮನುಷ್ಯಳಾಗಿ ಇರುವುದಿಲ್ಲ."

ಕುಶಲಾ ಹುಡುಗಿಯ ಪಕ್ಕ ಕೂತಳು. "ಎಂತ ಆಗ್ತದೆ ಮಗಾ?"

"ಗೊತ್ತಿಲ್ಲ ಚಿಕ್ಕಮ್ಮ. ಎಷ್ಟು ಮಲಗಿದರೂ ಏಳ್ಲಿಕ್ಕೆ ಆಗುವುದಿಲ್ಲ."

"ಏಳು. ಡಾಕ್ಟರಲ್ಲಿಗೆ ಹೋಗುವ. ಈಗಲೇ."

ಬಾಗಿಲಲ್ಲಿ ಯಶ್ವಂತ್ ಒದ್ದೆ ಪಂಚೆಯಲ್ಲಿ ಅಡ್ಡ ನಿಂತ. "ಸೂತಕ ಉಂಟು ಕುಶಲಾ. ಶುದ್ಧ ಆದ ಮೇಲೆ ನೋಡುವ. ಜನ ಎಂತ ಹೇಳ್ತಾರೆ?"

"ನೋಡುವ, ನೋಡುವ ಅಂತ ಹೇಳಿಯೇ ಒಬ್ಬಳನ್ನು ಸುಟ್ಟು ಬಂದಿರಲ್ಲ ಭಾವ."

ಅವನು ಬಾಗಿಲು ಬಿಡಲಿಲ್ಲ. ಕುಶಲಾ ಅವನನ್ನು ಭುಜದಿಂದಲೇ ತಳ್ಳಿ ಹುಡುಗಿಯನ್ನು ಹೊರಗೆಳೆದುಕೊಂಡು ಬಂದಳು.

ಅಂಗಳದಲ್ಲಿ ಮೋಕ್ಷಾ ಎಡಬಲ ತಿಳಿಯದೆ ಚಪ್ಪಲಿ ಅದಲುಬದಲಾಗಿ ಮೆಟ್ಟಿದಳು. ಚೆಂಬು ಹಿಡಿದ ಗಂಡಸರೆಲ್ಲ ನೋಡುತ್ತಿರುವಾಗ ಕುಶಲಾ ಆ ಕೆಸರಿನಲ್ಲೇ ಮೊಣಕಾಲೂರಿ, ಅವಳ ಒಂದೊಂದು ಪಾದವನ್ನೂ ಎತ್ತಿ ಅದರದರ ಚಪ್ಪಲಿಗೆ ತೂರಿಸಿದಳು.